ಕರಡಿಗೆ

ರಾತ್ರಿ ಹನ್ನೊಂದಾದರೂ ಇಲ್ಲಿ ಕತ್ತಲೆ ಇಲ್ಲ.
ಸ್ಪ್ರೂಸ್ ಮರಗಳ ಸಂದಿಗೆ ಸಿಕ್ಕಿಕೊಂಡ ಜುಲೈ ಸೂರ್ಯ
ಅತ್ತ ಮುಳುಗಲೊಲ್ಲ, ಇತ್ತ ನಿಲ್ಲಲೊಲ್ಲ.
ಅಲಾಸ್ಕದ ಹೊಳೆದಂಡೆಯಲ್ಲಿ, ಮೂವತ್ತೆರಡು ಡೇರೆಗಳ ನಡುವೆ
ವರ್ನಾ ಒಸ್ಕೋಲ್ಕಾಫ್ ಸುತ್ತು ಹೊರಟಿದ್ದಾಳೆ:
ಕೈಯಲ್ಲಿ ಇಕ್ಕಳ, ಸೊಂಟದಲ್ಲಿ ಮೆಣಸಿನ ಸ್ಪ್ರೇ,
ಬಾಯಲ್ಲಿ ಇಪ್ಪತ್ತಾರು ಬೇಸಿಗೆಯ ಅದೇ ಬೈಗುಳ.

ಹತ್ತೊಂಬತ್ತನೇ ಜಾಗ: ಬೇಕನ್ ಹುರಿದ ಬಾಣಲೆ, ತೊಳೆದಿಲ್ಲ.
ಹನ್ನೊಂದು: ಕೂಸಿನ ಡಯಾಪರ್, ಮರದ ಬುಡದಲ್ಲಿ, ಎಲೆ ಮುಚ್ಚಿ.
ಎಲೆ ಮುಚ್ಚಿದರೆ ಮೂಗು ಮುಚ್ಚಿದ ಹಾಗೇನು?
ಆರು: ಡೇರೆಯೊಳಗೆ, ದಿಂಬಿನ ಪಕ್ಕ, ಟೂತ್‌ಪೇಸ್ಟ್.
"ಇದು ತಿನ್ನೋದಲ್ಲವಲ್ಲ," ಅನ್ನುತ್ತಾನೆ ಆಂಕರೇಜಿನ ಹುಡುಗ.
"ನಿನಗಲ್ಲ," ಅನ್ನುತ್ತಾಳೆ ವರ್ನಾ.

ಒಂದೊಂದು ಜಾಗಕ್ಕೂ ಒಂದೊಂದು ಕಬ್ಬಿಣದ ಪೆಟ್ಟಿಗೆ.
ಅಗುಳಿ ಒಳಗೆ, ಹೊರಗೊಂದು ಕಿಂಡಿ;
ಬೆರಳು ಹೋಗಬೇಕು, ಪಂಜ ಹೋಗಬಾರದು.
ಮನುಷ್ಯನಿಗೂ ಮೃಗಕ್ಕೂ ಇರುವ ಅಂತರವನ್ನು
ಯಾವನೋ ಕಮ್ಮಾರ ಎರಡೂವರೆ ಇಂಚೆಂದು ಅಳೆದಿದ್ದಾನೆ.

ಈ ಸಾಲು ಬರೆಯುತ್ತಿರುವ ನುಡಿಯಲ್ಲಿ
ಅದಕ್ಕೆ ಹಳೆಯ ಹೆಸರೇ ಇದೆ: ಕರಡಿಗೆ.
ಮುಚ್ಚಿದರೆ ಪೆಟ್ಟಿಗೆ.
ಮರೆತರೆ ಚತುರ್ಥೀ ವಿಭಕ್ತಿ.

ವರ್ನಾಳಿಗೆ ಈ ವ್ಯಾಕರಣ ಗೊತ್ತಿಲ್ಲ.
ಗೊತ್ತಿರುವುದು ಇಷ್ಟು: ಉಂಡ ಕರಡಿ ಉಳಿಯದು.

ಅವಳು ಚಿಕ್ಕವಳಿದ್ದಾಗ ಊರ ತಿಪ್ಪೆಯೇ ಸಿನಿಮಾ.
ಸೆಪ್ಟೆಂಬರಿನ ರಾತ್ರಿ, ಪಿಕಪ್ಪಿನ ಹಿಂದೆ, ಒಂದೇ ಕಂಬಳಿಯಲ್ಲಿ ಐದು ಮಕ್ಕಳು;
ಅಪ್ಪ ಹೆಡ್‌ಲೈಟ್ ಹಾಕಿದರೆ ಹೊಗೆಯೊಳಗೆ
ಒಂದು, ಮೂರು, ಏಳು ಜೋಡಿ ಕಣ್ಣು.
ಡಬ್ಬಿಯೊಂದನ್ನು ತಲೆಗೆ ಸಿಕ್ಕಿಸಿಕೊಂಡು ಗಿರಗಿರ ತಿರುಗಿದ ಮರಿಯನ್ನು ಕಂಡು
ಚಪ್ಪಾಳೆ ತಟ್ಟಿದ್ದಳು.
ಆ ಮಾತು ಬಂದರೆ ಈಗಲೂ ಅವಳ ಕೈ ಜೇಬಿಗೆ ಹೋಗುತ್ತದೆ.

ಸಾಲ್ಮನ್ ಏರಿದ ವಾರ
ಕಸದ ಲಾರಿಯ ಅಚ್ಚು ಮುರಿದು ಎರಡು ದಿನ ಬರಲಿಲ್ಲ.
ತೊಟ್ಟಿಗಳಿಗೆ ಕುತ್ತಿಗೆವರೆಗೆ ಮೀನಿನ ಕರುಳು, ಕಲ್ಲಂಗಡಿ ಸಿಪ್ಪೆ.
ಕೊನೆಯ ಚೀಲ ಹಿಡಿಸಲಿಲ್ಲ.
ಮಂಡಿ ನೋಯುತ್ತಿತ್ತು. ಬೆಳಿಗ್ಗೆ ನೋಡಿದರಾಯ್ತೆಂದು
ತೊಟ್ಟಿಯ ಪಕ್ಕ, ಬರಿ ನೆಲದ ಮೇಲೆ, ಅದನ್ನು ಇಟ್ಟವಳು
ಬೇರೆ ಯಾರೂ ಅಲ್ಲ.

ಬೆಳಿಗ್ಗೆ ಚೀಲ ಇರಲಿಲ್ಲ. ಮೊಸರಿನ ಕಪ್ಪೊಂದು
ಒಡೆಯದೆ, ಸೀಳದೆ, ತೊಳೆದಿಟ್ಟ ಹಾಗೆ ನೆಕ್ಕಿಸಿಕೊಂಡು ಬಿದ್ದಿತ್ತು.
ಮೂರು ವರ್ಷದ ಗಂಡು. ತಾಯಿ ಬಿಟ್ಟ ಮೊದಲ ಬೇಸಿಗೆ.
ಮರುರಾತ್ರಿ ಬಂತು. ಅದರ ಮರುರಾತ್ರಿ
ಆರನೇ ಡೇರೆಯ ಬಟ್ಟೆಗೆ ಮೂಗೊತ್ತಿ
ಬಹಳ ಹೊತ್ತು ಸುಮ್ಮನೆ ನಿಂತಿತ್ತು.

ಸೊಲ್ದೋಟ್ನಾದಿಂದ ಅಧಿಕಾರಿ ಬಂದ.
ಸದ್ದು ಒಂದೇ.
ಹೊಳೆಯ ಕಡಲಕ್ಕಿಗಳೆಲ್ಲ ಎದ್ದವು, ಮತ್ತೆ ಕೂತವು.
ವರದಿಯ ಫಾರಮ್ಮಿನಲ್ಲೊಂದು ಕಾಲಂ: ಆಹಾರ ಯಾರಿಂದ ಸಿಕ್ಕಿತು?
"ಗೊತ್ತಿಲ್ಲ ಅಂತ ಬರಿ," ಅಂದ ಅವನು ಪೆನ್ನು ಚಾಚುತ್ತ,
"ಎಲ್ಲರೂ ಬರೆಯೋದು ಅದನ್ನೇ."
ಅವಳು ಹೆಸರು ಬರೆದಳು, ಪೂರ್ತಿ;
ಅಪ್ಪನ ಮನೆತನದ ಉದ್ದ ಹೆಸರು ಕಾಲಮ್ಮಿನಲ್ಲಿ ಹಿಡಿಸದೆ
ಅಂಚಿನವರೆಗೂ ಹೋಯಿತು.

ಮರುದಿನ ಹನ್ನೊಂದಕ್ಕೆ ಮತ್ತೆ ಸುತ್ತು. ಬೈಗುಳ ಇರಲಿಲ್ಲ.
ಆರರ ಹುಡುಗ ಗಂಟುಮೂಟೆ ಕಟ್ಟಿ ಹೋಗಿದ್ದ,
ಟೂತ್‌ಪೇಸ್ಟನ್ನು ಪೆಟ್ಟಿಗೆಯಲ್ಲೇ ಬಿಟ್ಟು.
ಹತ್ತೊಂಬತ್ತಕ್ಕೆ ಹೊಸಬರು. ಮುಂದಿನ ಹಲ್ಲುದುರಿದ ಹುಡುಗಿಯೊಬ್ಬಳು
ಓಡಿ ಬಂದು ಕೇಳಿದಳು: "ಇವತ್ತು ಕರಡಿ ಬರುತ್ತಾ?"
ಬರಲಿ ಎಂಬ ಆಸೆ ಮುಖದ ತುಂಬ.
ವರ್ನಾ ಬಗ್ಗಿದಳು. ಕಿಂಡಿಗೆ ಬೆರಳು ತೂರಿಸಿ
ಅಗುಳಿ ಎಳೆದು ನೋಡಿದಳು. ಇನ್ನೊಮ್ಮೆ ನೋಡಿದಳು.
"ಇಲ್ಲ, ಮರಿ," ಅಂದಳು.