ಕೈಬಿಡುವ ಬಲೆ

ಬೈತಖೋಲದ ಧಕ್ಕೆಗೆ ಹುಡುಕಿಕೊಂಡು ಬಂದಿದ್ದರು, ಜೂನಿನಲ್ಲಿ,
ದೋಣಿಗಳೆಲ್ಲ ದಡಕ್ಕೇರಿ ತಾಡಪತ್ರಿ ಹೊದ್ದ ಮೇಲೆ.
ಲೀಗಿಗೆ ಹೊಸದಾಗಿ ಸೇರಿದ ಒಂಬತ್ತನೆಯ ತಂಡವಂತೆ,
ಆಟದ ಹೆಸರು ಲಕ್ರಾಸ್. ಎರಡು ಸಲ ಹೇಳಿಸಿಕೊಂಡೆ.
ಕೋಲು ಕೊಟ್ಟರು ಕೈಗೆ: ತುದಿಗೊಂದು ಅಂಗೈಯಗಲದ ಬಲೆ.
ಸೋಮಾ ಹರಿಕಂತ್ರ ಅಂದರೆ ನೀವೇ ಅಲ್ಲವಾ, ಇದನ್ನು ಕಟ್ಟಬಲ್ಲಿರಾ?
ನಕ್ಕೆ. ರಂಪಣಿ ಹೆಣೆದ ಕೈ ಇದು,
ಎಂಬತ್ತು ಜನ ದಡದಲ್ಲಿ ನಿಂತು ಎಳೆಯುವ ಬಲೆ.
ಇದೆಂತದು, ಸಿಗಡಿಯ ಜೋಳಿಗೆ?

ಮೂರು ದಿನ ಕಟ್ಟಿದೆ. ನಾಲ್ಕನೆಯ ದಿನ ಇಪ್ಪತ್ತೆರಡೂ ವಾಪಸು ಬಂದವು.
ಕೋಚ್ ವಿಖೊ, ಕೊಹಿಮಾದವ, ಹಿಂದಿಯಲ್ಲಿ ಬಿಡಿಸಿ ಹೇಳಿದ:
ಕೂತ ಚೆಂಡು ಏಳುತ್ತಲೇ ಇಲ್ಲ ಕಾಕಾ.
ಇದು ಹಿಡಿಯಬೇಕು, ಹಿಡಿದದ್ದನ್ನು ಬಿಡಲೂ ಬೇಕು.

ನನ್ನಪ್ಪ ಕೇಳಿದ್ದರೆ ಸೂಜಿಯಲ್ಲೇ ಚುಚ್ಚುತ್ತಿದ್ದ.
ಬಿಡುವ ಬಲೆಗೆ ನಮ್ಮಲ್ಲಿ ಒಂದೇ ಹೆಸರು: ಹರಕು.
ಆ ರಾತ್ರಿ ಗಂಟುಗಳನ್ನು ಒಂದೊಂದೇ ಬಿಚ್ಚಿದೆ,
ಕಣ್ಣು ಒಂದೆಳೆ ಅಗಲಿಸಿ, ಬಾಯಿಯ ಹತ್ತಿರ ನೂಲು ಬಿಗಿದು,
ನಡುವೆ ಕೂಸಿನ ಕೆನ್ನೆಯಷ್ಟು ಸಡಿಲ ಬಿಟ್ಟೆ.
ಅರವತ್ತೊಂದು ತುಂಬಿದ ಮೇಲೆ
ತಪ್ಪು ಮಾಡುವುದನ್ನು ಸರಿಯಾಗಿ ಕಲಿಯಬೇಕಾಯಿತು.

ಮೊದಲ ಸೀಸನ್: ಹದಿನಾಲ್ಕು ಆಟ, ಹದಿಮೂರು ಸೋಲು.
ಉಳಿದೊಂದಕ್ಕೆ ಕಾರ್ತಿಕದಲ್ಲಿ ಎಲ್ಲಿಂದಲೋ ಮಳೆ ಬಂತು,
ಮೈದಾನದಲ್ಲಿ ಕಪ್ಪೆ ಕೂಗಿದವು, ಒಂದು ಅಂಕ ಕೊಟ್ಟರು.
ತಂಡದ ಹೆಸರು ಕಾಳಿ ಹದ್ದುಗಳು.
ಮೀನುಪೇಟೆಯಲ್ಲಿ ಸುಲೋಚನಾಬಾಯಿ ಎಲ್ಲರಿಗೂ ಕೇಳುವಂತೆ,
ಸೋಮಾ, ನಿನ್ನ ಹದ್ದಿಗೊಂದು ಬಂಗಡೆ ಹಾಕಲಾ, ಹಸಿದಿದೆಯಲ್ಲ?
ಗೋಲು ಕಾಯುವ ಅಂಕೋಲೆಯ ಹಮ್ಮು ಗೌಡನ ತೊಡೆ
ವಾರವಿಡೀ ನೇರಳೆ ಬಣ್ಣ.
ಅವನ ಬೆನ್ನ ಹಿಂದಿನ ದೊಡ್ಡ ಬಲೆಯೂ ನಾನೇ ಹೆಣೆದದ್ದು.
ಅದು ಮಾತ್ರ ಆ ವರ್ಷ ಎಂದೂ ಬರಿದಾಗಲಿಲ್ಲ.

ಎರಡನೆಯದಕ್ಕೆ ಇನಾಸ್ ಸಿದ್ದಿ ಬಂದ, ಯಲ್ಲಾಪುರದ ಆಚೆಯವ.
ಸಿದ್ದಿ ಅಂದರೆ ಓಟ ಅಂತ ತಂದರು, ಪಾಪ, ಎಂದು ಅವನೇ ನಗುವ.
ಓಡುವುದು ನಿಧಾನ. ಆದರೆ ನಿಂತಲ್ಲೇ ಎಡಕ್ಕೆ ಮಣಿದನೆಂದರೆ
ಚೆಂಡು ಎಲ್ಲಿಂದ ಹೊರಟಿತೆಂದು ಅವನಿಗೂ ನನಗೂ ಮಾತ್ರ ಗೊತ್ತು.
ಎಡಗೈಯವ. ಅವನದಕ್ಕೆ ಕಣ್ಣು ಓರೆ ಕಟ್ಟಿದ್ದೆ.
ಐದು ಗೆಲುವು. ಐದೇ.
ಐದನೆಯದಕ್ಕೆ ಕೋಡಿಬಾಗದಲ್ಲಿ ಪಟಾಕಿ ಹೊಡೆದರು,
ಸುಲೋಚನಾಬಾಯಿ ಪುಕ್ಕಟೆ ಇಸವಣ ಕೊಟ್ಟಳು. ತಲೆ ಮಾತ್ರ.

ಮೇ ತಿಂಗಳಲ್ಲಿ ಮಾಲಕರು ಅವನನ್ನು ಪುಣೆಗೆ ಕೊಟ್ಟರು.
ಕೊಟ್ಟರು ಅಂದರೆ, ಇಬ್ಬರು ಹೊಸ ಹುಡುಗರ ಬದಲಿಗೆ,
ಮೇಲೆ ಒಂದಿಷ್ಟು ದುಡ್ಡು.
ಹರಾಜಿನ ಮೀನೂ ಬುಟ್ಟಿಯಲ್ಲಿ ಒಮ್ಮೆ ಮಿಡುಕುತ್ತದೆ,
ಇವ ಚೀಲ ಹೆಗಲಿಗೇರಿಸಿ, ಬರ್ತೆ ಕಾಕಾ, ಅಂದ. ಅಷ್ಟೇ.
ಕೋಲು ತಂಡದ್ದು, ಲೆಕ್ಕದಲ್ಲಿತ್ತು. ಒಯ್ಯಿ ಅಂದೆ.
ಲೆಕ್ಕದ ಪುಸ್ತಕದಲ್ಲಿ ಮುರಿದಿದೆ ಎಂದು ಬರೆದೆ.

ಮೂರನೆಯದರ ಮೊದಲ ಆಟ, ಪುಣೆಯವರು ಇಲ್ಲಿಗೇ ಬಂದರು.
ಹತ್ತಕ್ಕೆ ಹತ್ತು. ಕೊನೆಯ ನಿಮಿಷ.
ಇನಾಸ್ ಎಡಕ್ಕೆ ಮಣಿದ.
ಯಾವ ಗಂಟಿನ ಮೇಲಿಂದ ಜಾರುತ್ತದೆಂದು ನನಗೆ ಗೊತ್ತಿತ್ತು,
ಹಮ್ಮುವಿಗೆ ಕೂಗಬಹುದಿತ್ತು. ಬಾಯಿ ತೆರೆದೆ ಕೂಡ.
ನನ್ನ ಬಲೆ ಬಿಟ್ಟಿತು.
ನನ್ನ ಬಲೆ ಹಿಡಿಯಿತು.
ನಡುವಿನ ಹದಿನೈದು ಗಜ ಮಾತ್ರ ಯಾರದ್ದೋ.

ರಾತ್ರಿ ಧಕ್ಕೆಗೆ ಬಂದ, ಬಸ್ಸಿಗೆ ಇನ್ನೂ ಹೊತ್ತಿತ್ತು.
ಎಡಬದಿಯ ಎಳೆ ಸವೆದಿದೆ ಕಾಕಾ, ಅಲ್ಲಿ ಕಟ್ಟುವವರಿಲ್ಲ.
ನಮ್ಮ ಮ್ಯಾನೇಜರ್ ಕಂಡರೆ ಎಂತ ಅಂದಾನೋ,
ದೀಪ ತಂದು ಕೂತೆ. ಸೂಜಿ ಹಲ್ಲಲ್ಲಿ ಕಚ್ಚಿ ಬೈದೆ:
ಇಷ್ಟು ಸಡಿಲ ಮಾಡಿಟ್ಟಿದ್ದೀಯಲ್ಲ, ಮುಂದಿನ ವಾರ ಎಂತ ಮಾಡ್ತಿ?
ಅವ ಉತ್ತರ ಕೊಡದೆ, ಬಂಗಡೆ ಸುಡುತ್ತಿದ್ದ ನಮ್ಮ ಹುಡುಗರತ್ತ ಹೋಗಿ
ಹಮ್ಮುವಿನ ತಟ್ಟೆಯಿಂದ ದೊಡ್ಡದನ್ನೇ ಎತ್ತಿಕೊಂಡ.
ಹಮ್ಮು ಸರಿದು ಕೂತು ಜಾಗ ಮಾಡಿದ.