ಎರಡು ಬಾಟಲಿ

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನೆದುರು ನನ್ನ ಮೆಡಿಕಲ್ಸ್.
ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದರು
ನಿವೃತ್ತ ಸುಬೇದಾರ್ ಕುಟ್ಟಯ್ಯ.
ಬೆನ್ನ ಹಿಂದೆ, ಅಂಗಿಯ ತುದಿ ಹಿಡಿದು,
ಆರು ವರ್ಷದ ಬೊಳ್ಳು.

‘ಪುಷ್ಪಲತಾ, ಇವಳ ತುಟಿ ಒಡೆದಿದೆ,
ಏನಾದರೂ ಮುಲಾಮು ಕೊಡಮ್ಮ.’

ಡಿಸೆಂಬರಾಗಿದ್ದರೆ ಕೊಟ್ಟು ಕಳಿಸುತ್ತಿದ್ದೆ.
ಆದರೆ ಆಗಷ್ಟೇ ಹೂಮಳೆ ಬಿದ್ದು ಕಾಫಿ ಅರಳಿತ್ತು,
ಗಾಳಿಯಲ್ಲಿ ಒಣಗುವಂಥದ್ದೇನೂ ಇರಲಿಲ್ಲ.
‘ತಲೆಯೂ ನೋಯುತ್ತೆ’ ಅಂದಳು ಬೊಳ್ಳು,
ಯಾರೂ ಕೇಳಿರಲಿಲ್ಲ.

ಏನು ಕೊಡುತ್ತಿದ್ದೀರಿ ಇವಳಿಗೆ?
ಕ್ಯಾಂಟೀನಿನ ಚೀಲದಿಂದ ಬಾಟಲಿ ತೆಗೆದರು,
ಪದಕ ತೋರಿಸುವ ಹಾಗೆ.
‘ಮೀನೆಣ್ಣೆ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು.
ಬಾಲಕರ ಪಲ್ಟನ್ನಿನಲ್ಲಿ ನಮ್ಮನ್ನು ಸಾಲು ನಿಲ್ಲಿಸಿ
ಮೂಗು ಹಿಡಿದು ಹೊಯ್ಯುತ್ತಿದ್ದರು.
ನೋಡು, ಎಪ್ಪತ್ತೆರಡಕ್ಕೂ ಕನ್ನಡಕವಿಲ್ಲ.’

ಕನ್ನಡಕವಿಲ್ಲದ ಆ ಕಣ್ಣಿಗೆ
ಲೇಬಲ್ಲಿನ ಸಣ್ಣ ಅಕ್ಷರ ಕಂಡಿರಲಿಲ್ಲ.
ಇದು ಮೀನಿನ ಮೈಯ ಎಣ್ಣೆಯಲ್ಲ ಸುಬೇದಾರರೇ,
ಈಲಿಯ ಎಣ್ಣೆ.
ಇದರಲ್ಲಿ ಎ ವಿಟಮಿನ್ ಇದೆ, ಅದು ಮೂತ್ರದಲ್ಲಿ ಹೋಗುವ ಜಾತಿಯದಲ್ಲ,
ಹೆಚ್ಚಾದದ್ದು ಮೈಯಲ್ಲೇ ಗಂಟು ಕಟ್ಟಿಕೊಂಡು ಕೂರುತ್ತದೆ.
ಚಮಚ ಯಾವುದು? ಇದರ ಜೊತೆ ಬಂದದ್ದಾ?
‘ಪಾಯಸ ತಿನ್ನುವುದು.’

ಅಷ್ಟರಲ್ಲಿ ಬೊಳ್ಳು, ಕೌಂಟರಿಗೆ ಗಲ್ಲ ಊರಿ:
‘ಅಮ್ಮ ಕರಡಿ ಕೊಡ್ತಾಳೆ. ಕೆಂಪು ಕರಡಿ.
ಶಾಲೆಗೆ ಹೋಗುವಾಗ ಎರಡು.
ಯಾರೂ ಇಲ್ಲದಿದ್ದರೆ ಐದು.’

ಆ ಕರಡಿಗಳು ನನಗೆ ಗೊತ್ತು.
ನನ್ನ ಬಲಗೈಯ ಮೂರನೆಯ ಅರೆಯಿಂದಲೇ ಹೋದವು.
ಕುಟ್ಟದ ಬಸ್ಸು ಹಾರ್ನ್ ಹೊಡೆಯುತ್ತಿತ್ತು ಅವತ್ತು,
ಸೊಸೆ ಬೀನಾಳ ಒಂದು ಕಾಲು ಮೆಟ್ಟಿಲ ಕೆಳಗೆ.
ಚಿಲ್ಲರೆ ಕೊಟ್ಟೆ. ಕವರು ಕೊಟ್ಟೆ.
ಒಂದು ಪ್ರಶ್ನೆ ಕೇಳಲಿಲ್ಲ.

ಹಳೆಯ ಬಿಲ್ಲಿನ ಬೆನ್ನಿಗೆ ಬರೆದು ಕೂಡಿಸಿದೆ,
ಎಣ್ಣೆಯದು, ಕರಡಿಯದು.
ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿಸಿದೆ.
ತಾತ ರಾತ್ರಿ ಕೊಡುವುದು ಸೊಸೆಗೆ ಗೊತ್ತಿಲ್ಲ,
ಸೊಸೆ ಬೆಳಿಗ್ಗೆ ಕೊಡುವುದು ತಾತನಿಗೆ ಗೊತ್ತಿಲ್ಲ.
ಇಬ್ಬರದೂ ಕೂಡುತ್ತಿದ್ದದ್ದು ಇವಳ ಹೊಟ್ಟೆಯಲ್ಲಿ.

‘ಹಾಗಾದರೆ ವಿಷ ಹಾಕಿದೆನಾ ನಾನು?’
ನೆಟ್ಟಗೆ ನಿಂತು ಕೇಳಿದರು, ಕೋರ್ಟ್ ಮಾರ್ಷಲಿಗೆ ನಿಂತ ಹಾಗೆ.
ಇಲ್ಲ. ಎರಡನ್ನೂ ಇವತ್ತೇ ನಿಲ್ಲಿಸಿ.
ಮಕ್ಕಳ ಡಾಕ್ಟರಿಗೆ ತೋರಿಸಿ, ಈಗಲೇ,
ಬಾಟಲಿ, ಡಬ್ಬಿ, ಆ ಪಾಯಸದ ಚಮಚ,
ಎಲ್ಲ ಹಿಡಿದುಕೊಂಡು ಹೋಗಿ. ಬಾಯಿಮಾತು ಸಾಲದು.
ಮುಲಾಮಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.
ಅದೊಂದು ಸಣ್ಣತನ, ಗೊತ್ತಿದೆ.

ಹೊರಗೆ ಹಂಸಾಕನ ಸ್ಕೂಟರು,
ಮಾಕುಟ್ಟ ಘಾಟಿ ಹತ್ತಿ ಬಂದ ಮತ್ತಿ, ಮಂಜುಗಡ್ಡೆಯಡಿ
ಬೆಳ್ಳಿಯ ಬೆನ್ನು ಸಾಲಾಗಿ.
ವಾರಕ್ಕೆರಡು ಸಲ ಇದನ್ನೇ ಬೇಯಿಸಿ ಕೊಟ್ಟರೆ
ಮೂಗು ಹಿಡಿಯುವುದೇ ಬೇಡ, ಅಂದೆ.
‘ಮುಳ್ಳು ತೆಗೆದು ಕೊಡ್ತೀಯಾ ತಾತ?’
ಅವರು ಉತ್ತರಿಸಲಿಲ್ಲ. ಅವಳ ತಲೆ ಸವರಿದರು,
ಎಲ್ಲಿ ನೋಯುತ್ತದೆಂದು ಹುಡುಕುವ ಹಾಗೆ.

ಸಂಜೆ ಬೀನಾ ಬಂದಳು.
ಡಬ್ಬಿಯನ್ನು ಕೌಂಟರಿನ ಮೇಲಿಟ್ಟಳು.
ಸೆಕೆಗೆ ಕರಗಿ ಒಂದಕ್ಕೊಂದು ಅಂಟಿದ್ದವು ಉಳಿದ ಕರಡಿಗಳು.
‘ನೀವೇ ಕೊಟ್ಟದ್ದಲ್ಲವಾ?’
ಹೌದು, ಅಂದೆ.

ಬೊಳ್ಳುವಿನ ತುಟಿ ಮೇ ತಿಂಗಳಲ್ಲಿ ಕೂಡಿತು.
ಈಗ ಯಾವ ಬಸ್ಸು ಎಷ್ಟೇ ಕೂಗಲಿ,
ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತೇನೆ:
ಮಗುವಿಗೆ ಎಷ್ಟು ವಯಸ್ಸು?
ಮೀನು ತಿಂದರೆ ಮೈ ತುರಿಸುತ್ತದಾ?
ಮನೆಯಲ್ಲಿ ಇನ್ಯಾರು, ಇನ್ನೇನು ಕೊಡುತ್ತಾರೆ?
‘ಹತ್ತು ರೂಪಾಯಿಯ ಸಾಮಾನಿಗೆ ಇಷ್ಟು ವಿಚಾರಣೆಯಾ’ ಎಂದು
ಕೆಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ.
ಹೋಗಲಿ.
ಕೇಳಿದ್ದಂತೂ ಕೇಳಿರುತ್ತೇನೆ.