ಮಾಲಿನ ಕಾಲಂ

ಕಡಲಿಗೆ ಈಗ ಗೇಟಿದೆ.
ಗೇಟಿಗೊಂದು ರಿಜಿಸ್ಟರು, ದಾರ ಕಟ್ಟಿದ ಪೆನ್ನು.
ಮನೆಯಲ್ಲಿ ಅಕ್ಷರ ಬರುವವಳು ನಾನೊಬ್ಬಳೇ,
ಮಾವನ ಪರವಾಗಿ ಬರೆಯುವ ಕೆಲಸ ನನ್ನದು.

ಹೆಸರು: ಜುಸಬ.
ವಾಹನದ ನಂಬರು?
ಮಾವ ತನ್ನ ಪಾದ ನೋಡಿಕೊಂಡರು.
ನಾವು ದೋಣಿಯವರಲ್ಲ,
ಪಗಡಿಯಾ ಅನ್ನುತ್ತಾರೆ ಕಚ್ಛಿನಲ್ಲಿ:
ನೀರು ಇಳಿದಾಗ ಕೆಸರಲ್ಲಿ ಎರಡು ಮೈಲು ನಡೆದು
ಗೂಟಕ್ಕೆ ಕಟ್ಟಿದ ಬಲೆ ಬಿಡಿಸಿ
ಉಬ್ಬರಕ್ಕೆ ಮೊದಲು ದಡ ಸೇರುವವರು.
ಯಾರನ್ನು ಕಾಣಬೇಕು?
"ಇಳಿತವನ್ನು" ಅಂದರು.
ತಿರುಗಿ ಬರುವ ಹೊತ್ತು?
"ಹುಣ್ಣಿಮೆ ಕಳೆದು ಮೂರು ದಿನ. ನೀರು ಬಹಳ ದೂರ ಹೋಗಿರುತ್ತೆ,
ಬರುವಾಗ ಮಾತ್ರ ಕುದುರೆ. ಅದು ಬರೋಕೆ ಮುಂಚೆ."
ಮಾತು ಉದ್ದ, ಕಾಲಂ ಗಿಡ್ಡ.
ಐದೂವರೆ ಅಂತ ಗೀಚಿದೆ.

ಗೇಟಿನಾಚೆ, ಕಾಲುವೆಯ ಬಾಯಿಂದ
ಸ್ಥಾವರದ ಬಿಸಿನೀರು ಬಂದು ಬೀಳುವಲ್ಲಿ
ಬಾಣಂತಿಗೆ ಎರೆಯುವಷ್ಟು ಹದ.
ಮೀನಿಗೆ ಅದು ಹದವಲ್ಲ.
ಒಣಹಾಕಿದ ಬೊಂಬಿಲದ ಮೇಲೆ ಕಲ್ಲಿದ್ದಲ ಪುಡಿ;
ಅತ್ತೆ ಒಂದೊಂದನ್ನೂ ಓಢಣಿಯ ಅಂಚಲ್ಲಿ ಒರೆಸುತ್ತಾರೆ
ಕನ್ನಡಕ ಒರೆಸುವ ಹಾಗೆ.
ವ್ಯಾಪಾರಿ ಆದರೂ ಮೂಗು ಮುರಿಯುತ್ತಾನೆ.

ಹೊರಗೆ ಒಯ್ಯುವ ಮಾಲಿಗೆ ಬಿಲ್ಲು ಬೇಕು, ನಿಯಮ.
ಮೊದಲ ಸಂಜೆಯೇ ಕಾವಲಿನ ರಾಮಸುಭಗ ಚೀಲ ಬಿಚ್ಚಿದ,
ಮಾವನ ಮುಖ ನೋಡಿದ,
ಮಾಲಿನ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದ.
ಒಳ್ಳೆಯವನು. ಅವನ ಹೊಲ ಕೋಸಿ ನದಿಯ ಹೊಟ್ಟೆಯಲ್ಲಿದೆ.
ದಿನಾ ಇಲ್ಲ. ಇಲ್ಲ. ಇಲ್ಲ.
ರಂಜಾನಿಗೆ ಮುಂಚೆ ಹದಿನಾಲ್ಕು ಕಿಲೋ ಸಿಗಡಿ ಸಿಕ್ಕ ದಿನವೂ
ಇಲ್ಲ.
ಅವತ್ತು ಅವನಿಗೂ ಒಂದು ಪೊಟ್ಟಣ ಕೊಟ್ಟಿದ್ದೆವು.

ಮೊನ್ನೆ ಎರಡನೇ ಜೆಟ್ಟಿಗೆ ಅಹವಾಲು ಸಭೆ.
ಶಾಮಿಯಾನ, ತಲೆಗೊಂದು ತಣ್ಣನೆ ನೀರಿನ ಬಾಟಲಿ.
ಇಸ್ತ್ರಿ ಅಂಗಿಯವನೊಬ್ಬ ಅದೇ ರಿಜಿಸ್ಟರನ್ನು ಎತ್ತಿ ಹಿಡಿದ.
"ಮೂರು ವರ್ಷದ ದಾಖಲೆ. ಈ ದಂಡೆಯಿಂದ
ಒಂದು ಮೀನೂ ಹೊರಗೆ ಹೋಗಿಲ್ಲ.
ಇಲ್ಲಿ ಮೀನುಗಾರಿಕೆ ಎಂಬುದೇ ಇಲ್ಲ."
ಹಾಳೆ ಮಗುಚಿದ. ಮುಂದಿನ ಸಾಲಲ್ಲಿದ್ದವಳಿಗೆ ಕಂಡಿತು
ನನ್ನ ವಕ್ರ ಬರಹ, ಪಕ್ಕದಲ್ಲೇ
ರಾಮಸುಭಗನ ದುಂಡನೆ ಅಕ್ಷರ.
"ಏನಂತೆ?" ಅಂದರು ಮಾವ.
ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

ಇವತ್ತು ಸಂಜೆ ಪೆನ್ನು ನಾನೇ ಎಳೆದುಕೊಂಡೆ.
ದಾರ ಸಾಲದು, ಬಗ್ಗಿಯೇ ಬರೆಯಬೇಕು.
ಬೋಯಿ ಮೀನು ಏಳು.
ಸಿಗಡಿ ಎರಡು ಬೊಗಸೆ.
ಏಡಿ ಒಂದು, ಕಾಲು ಮುರಿದದ್ದು.
"ಬಹೂ, ಬಿಲ್ಲು ಕೇಳ್ತಾರೆ. ನನ್ನ ಕೆಲಸ ಹೋಗುತ್ತೆ"
ಅಂದ ರಾಮಸುಭಗ, ಮೆತ್ತಗೆ.
ಗೊತ್ತು, ಅಂದೆ.
ಚೀಲದ ತಳದಲ್ಲಿ ಇನ್ನೊಂದು ಬಾಲ ಆಡಿತು.
ಏಳನ್ನು ಹೊಡೆದು
ಎಂಟು ಮಾಡಿದೆ.